ಹೆಸರಿನ ಮೇಲೆ ಹಚ್ಚಿದ ಚೀಟಿ

ಮನೆ ಖಾಲಿ ಮಾಡುವ ಹೆಂಗಸರಿಗೆ ನಾನು ಹೇಳುವುದು ಒಂದೇ ಮಾತು: ಗಂಡನನ್ನು ಎದುರಿಗೆ ಕೂರಿಸಿಕೊಂಡು ಹಳೆಯ ಸಾಮಾನಿಗೆ ಬೆಲೆ ಕಟ್ಟಬೇಡಿ. ನಾನು ಕಟ್ಟಲು ಹೋದೆ. ಎರಡೇ ದಿನದಲ್ಲಿ ತಲೆ ಮೊಸರುಗಡಿಗೆಯಾಯಿತು.

ಬೈಲಹೊಂಗಲದ ಆ ಬಾಡಿಗೆ ಮನೆಯಲ್ಲಿ ನಾವು ಇಪ್ಪತ್ತೆರಡು ವರ್ಷ ಇದ್ದೆವು. ನನ್ನವರು ಶಾಲೆಯ ಮಾಸ್ತರು. ಅವರಿಗೆ ಕಿತ್ತೂರಿಗೆ ವರ್ಗವಾಯಿತು. ಅಲ್ಲಿ ಸಿಕ್ಕದ್ದು ಎರಡು ಖೋಲಿ, ಒಂದು ಮೊಳದಗಲದ ಅಡುಗೆಮನೆ. ನಮ್ಮ ಸಾಮಾನಿನ ಅರ್ಧವೂ ಅದರಲ್ಲಿ ಹಿಡಿಯುವುದಿಲ್ಲ. ಗುಜರಿಯವನನ್ನು ಕರೆಸಿದರೆ ಅವನು ನನ್ನ ಪಾತ್ರೆಗಳನ್ನು ಒಮ್ಮೆ ಕಾಲಿನಿಂದ ಸರಿಸಿ ನೋಡಿ ಕಿಲೋ ಲೆಕ್ಕದಲ್ಲಿ ಕೇಳಿದ. ಮೈಯೆಲ್ಲ ಉರಿಯಿತು. ಅವನನ್ನು ಬಾಗಿಲಿನಿಂದಲೇ ಹೊರಗೆ ಕಳಿಸಿದೆ. ಭಾನುವಾರ ಮನೆಯ ಮುಂದಿನ ಕಟ್ಟೆಯ ಮೇಲೆ ಎಲ್ಲ ಇಟ್ಟು, ಒಂದೊಂದಕ್ಕೂ ಚೀಟಿ ಹಚ್ಚಿ, ನಾವೇ ಮಾರೋಣ ಎಂದು ತೀರ್ಮಾನಿಸಿದೆ.

ನನ್ನ ನಿಜವಾದ ಚಿಂತೆ ಸಾಮಾನಿನದಲ್ಲ, ಪಕ್ಕದ ಮನೆಯ ಗೆಳತಿಯದು. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದವಳು. ಬಾಯಿ ಜೋರು. ನಾನು ಹಾಲು ಉಕ್ಕಿಸಿದರೂ ಬೈಯುತ್ತಿದ್ದಳು, ಜ್ವರ ಬಂದರೂ ಮಲಗಿಲ್ಲವೆಂದು ಬೈಯುತ್ತಿದ್ದಳು. ನನ್ನ ಬಾಣಂತನ ಮಾಡಿದವಳೂ ಅವಳೇ. ಸೋಮವಾರ ಟೆಂಪೋ ಬರುವ ಮೊದಲು, ಭಾನುವಾರ ಸಂಜೆ ಬಂದು ಉಡಿ ತುಂಬುತ್ತೇನೆ ಎಂದಿದ್ದಳು. ಅವಳ ಮನಸ್ಸಿನಲ್ಲಿ ಒಂದು ಎಳೆಯಷ್ಟೂ ಬೇಸರ ಉಳಿಯದಂತೆ ಊರು ಬಿಡಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಶನಿವಾರ ಮುಂಜಾನೆ ಚೀಟಿ ಬರೆಯಲು ಕುಳಿತೆವು. ಮಾಸ್ತರರ ಅಕ್ಷರ ಮುತ್ತಿನಂತೆ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸತ್ಯಸಂಧತೆಗೆ ಏನು ಮಾಡಲಿ? ಟೇಬಲ್ ಫ್ಯಾನಿನ ಮೇಲೆ "ಮುನ್ನೂರು ರೂಪಾಯಿ" ಎಂದು ಬರೆದು, ಕೆಳಗೆ "ಮೊದಲು ಬೆರಳಿನಿಂದ ಒಮ್ಮೆ ತಿರುವತಕ್ಕದ್ದು" ಎಂದು ಸೇರಿಸಿದರು. ಮಿಕ್ಸರಿನ ಮೇಲೆ "ಶಬ್ದ ಹೆಚ್ಚು" ಎಂದು ಬರೆದರು.

"ಮಾರಾಟಕ್ಕ ಇಟ್ಟೀರೋ, ಪರೀಕ್ಷಾ ಪೇಪರ್ ತಿದ್ದಾಕ ಹತ್ತೀರೋ?" ಎಂದು ಕೇಳಿದೆ.

"ನಾಳೆ ಯಾರರೆ ಬಂದು ಕೇಳಿದ್ರ ಏನ್ ಹೇಳ್ಲಿ? ನಾ ಮಾಸ್ತರ ಅದೇನಿ" ಎಂದರು.

ಫ್ಯಾನು, ಮಿಕ್ಸರಿಗಿಂತ ಪಾತ್ರೆಗಳ ಕಾಟ ದೊಡ್ಡದು. ನಮ್ಮ ಕಡೆ ಆಹೇರಿಗೆ, ಅಂದರೆ ಉಡುಗೊರೆಯಾಗಿ, ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸಿ ಕೊಡುವುದು ರೂಢಿ. ನಮ್ಮ ಮದುವೆ, ಮಗಳ ತೊಟ್ಟಿಲು, ಹೀಗೆ ಒಂದೊಂದು ಕಾರ್ಯಕ್ಕೂ ಬಂದದ್ದೆಲ್ಲ ಅಟ್ಟದ ಮೇಲೆ ಇತ್ತು. ಇವರು ಒಂದೊಂದನ್ನೇ ಎತ್ತಿ, ಕನ್ನಡಕ ಸರಿಮಾಡಿಕೊಂಡು, ಹೆಸರು ಓದುವುದು. "ಅಯ್ಯ, ಇದು ರಾಮದುರ್ಗದ ಅತ್ತಿ ಕೊಟ್ಟಿದ್ದು, ಮಾರೂದು ಬ್ಯಾಡ." ಆ ಪಾತ್ರೆ ಬದಿಗೆ. "ಇದು ಸವದತ್ತಿ ಹೆಡ್ ಮಾಸ್ತರ್ದು." ಅದೂ ಬದಿಗೆ. ಅಗಲ ಬಾಯಿಯ ದೊಡ್ಡ ಡಬರಿ ಕೈಗೆ ಬಂದಾಗ, "ಇದು ಬಾಜೂಕಿನಾಕಿ ಕೊಟ್ಟಿದ್ದು" ಎಂದರು. ನನಗೂ ನೆನಪಿತ್ತು. ರೊಟ್ಟಿ ಮಾರಿ ಗಳಿಸಿದ ಮೊದಲ ದುಡ್ಡಿನಲ್ಲಿ ನನ್ನ ಮಗಳ ತೊಟ್ಟಿಲಿಗೆ ಕೊಟ್ಟದ್ದು. "ಅದನ್ನ ಇಡ್ರಿ, ಒಯ್ಯೂಣು" ಎಂದೆ. ಅದೊಂದಕ್ಕೆ ನಾನು ಜಗಳ ತೆಗೆಯಲಿಲ್ಲ.

ಸಂಜೆಯ ಹೊತ್ತಿಗೆ ನೋಡಿದರೆ ಮಾರುವ ಗುಂಪಿನಲ್ಲಿ ಏಳು ಪಾತ್ರೆ, ಬದಿಗಿಟ್ಟ ಗುಂಪಿನಲ್ಲಿ ಐವತ್ತೋ ಅರವತ್ತೋ! ನನ್ನ ಪಿತ್ತ ನೆತ್ತಿಗೇರಿತು. "ಹೆಸರ ಓದಿದ್ದು ಸಾಕ್ ಮಾಡ್ರಿ! ಎಲ್ಲಾ ಹೊತ್ಕೊಂಡ್ ಹೋಗಿ ಕಿತ್ತೂರಾಗ ನನ್ನ ತಲಿ ಮ್ಯಾಲೆ ಇಡ್ತೀರೇನು?" ಎಂದು ಕೂಗಿ, ಎರಡೂ ಗುಂಪು ಕಲಸಿಬಿಟ್ಟೆ. ಅವರು ಎದ್ದು ಚಹಾ ಕುಡಿಯಲು ಹೋದರು. ನಾನು ಸೆರಗು ಸಿಕ್ಕಿಸಿ ಕುಳಿತು, ಹೆಸರು ಯಾರ ಕಣ್ಣಿಗೂ ಬೀಳದಿರಲೆಂದು ಚೀಟಿಗಳನ್ನು ಸರಿಯಾಗಿ ಹೆಸರಿನ ಮೇಲೆಯೇ ಹಚ್ಚಿದೆ. ಯಾರ ಹೆಸರೆಂದು ಓದಲಿಲ್ಲ. ಸಿಟ್ಟಿನಲ್ಲಿ ಡಬರಿಯ ನೆನಪೂ ಬರಲಿಲ್ಲ. ಎಂಥ ಜಾಣತನ ನನ್ನದು! ನಮ್ಮ ಕಡೆಯ ಯಾವ ಹೆಂಗಸಾದರೂ ಪಾತ್ರೆ ಕೈಗೆ ಬಂದರೆ ಮೊದಲು ನೋಡುವುದು ಹೆಸರನ್ನೇ. ನಾನಾದರೂ ಅದನ್ನೇ ನೋಡುತ್ತೇನೆ.

ಭಾನುವಾರ ಬೆಳಿಗ್ಗೆ ಗೆಳತಿ ರೊಟ್ಟಿಯ ಹಿಟ್ಟು ಕೈಗೆ ಮೆತ್ತಿಕೊಂಡೇ ಬಂದಳು. ನಾನು ಮೂರು ಗಿರಾಕಿಗಳಿಗೆ ಬಾಯಿ ಬಿಡಲಾರದೆ ಅರ್ಧ ಬೆಲೆಗೆ ಕೊಟ್ಟದ್ದನ್ನು ನೋಡಿ ಹಣೆ ಬಡಿದುಕೊಂಡಳು. "ನೀ ಸರಿ ಅತ್ಲಾಗ. ಹಿಂಗ ಮಾರಿದ್ರ ಸಂಜೀಕ ಸೀರಿನೂ ಬಿಚ್ಚಿ ಕೊಡ್ತಿ" ಎಂದು ಬೈದು ಕಟ್ಟೆಯ ಮೇಲೆ ತಾನೇ ಕುಳಿತಳು. ಆಮೇಲೆ ವ್ಯಾಪಾರ ನೋಡಬೇಕಿತ್ತು! ಬೆರಳಿನಿಂದ ತಿರುವುವ ಫ್ಯಾನನ್ನೂ ಪೂರ್ತಿ ಬೆಲೆಗೆ ದಾಟಿಸಿದಳು. ಚೀಟಿ ಕೀಳುವವರನ್ನು ಗದರುತ್ತಿದ್ದಳು: "ಹೆಸರ ತಗೊಂಡ್ ಏನ್ ಮಾಡ್ತೀರಿ? ಪಾತ್ರಿ ತಗೋರಿ."

ಮಧ್ಯಾಹ್ನ ಸಂಪಗಾಂವದ ಹೆಂಗಸೊಬ್ಬಳು ಬಂದು ಡಬರಿ ಎತ್ತಿದಳು. ಅದು ಅಲ್ಲಿರುವುದನ್ನು ನಾನು ಆಗಷ್ಟೇ ಕಂಡದ್ದು. ಅಷ್ಟರಲ್ಲಿ ಆಕೆ ಉಗುರಿನಿಂದ ಚೀಟಿ ಎಬ್ಬಿಸಿ, ಕೆತ್ತಿದ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ನನ್ನ ಗೆಳತಿಯ ಹೆಸರು, ಅವಳ ಗಂಡನ ಹೆಸರು.

"ಮುನ್ನೂರೈವತ್ತು ಭಾಳ ಆತ್ರಿ. ಇನ್ನೂರಕ್ಕ ಕೊಡ್ರಿ" ಎಂದಳು.

"ಅದನ್ನ ಮಾರೂದಿಲ್ರಿ" ಎನ್ನಬೇಕಿತ್ತು ನಾನು. ನಾಲ್ಕು ಶಬ್ದವೂ ಇಲ್ಲ. ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನು ಪಕ್ಕದ ಪಾತ್ರೆಗಳನ್ನು ಸುಮ್ಮನೆ ಜೋಡಿಸತೊಡಗಿದೆ. ಗೆಳತಿ ನನ್ನ ಕಡೆ ತಿರುಗಲೂ ಇಲ್ಲ. ಡಬರಿಯನ್ನು ಇಸಿದುಕೊಂಡು ಬೆರಳಿನಿಂದ ಬಾರಿಸಿ ತೋರಿಸಿದಳು. "ಜಾಡ ಸ್ಟೀಲ್ ಐತ್ರಿ, ದಪ್ಪಂದು. ಕೊಟ್ಟಾಕಿ ಹಗರ ಪಾತ್ರಿ ಕೊಟ್ಟಿಲ್ಲ. ಮುನ್ನೂರೈವತ್ತರಾಗ ಒಂದು ರೂಪಾಯಿ ಕಮ್ಮಿ ಇಲ್ಲ." ಆಕೆ ಗೊಣಗುತ್ತಲೇ ಕೊಟ್ಟಳು. ಗೆಳತಿ ನೋಟುಗಳನ್ನು ನನ್ನ ಕೈಯಲ್ಲಿಟ್ಟು, ಒಲೆಯ ಮೇಲೆ ಹಂಚು ಕಾದಿದೆ ಎಂದು ಹೋದಳು.

ಆಗ ನನಗೆ ನನ್ನ ಮೇಲೆಯೇ ಅಸಹ್ಯ ಬಂತು. ಮಾಸ್ತರರನ್ನು ಬಸ್ ಸ್ಟ್ಯಾಂಡಿಗೆ ಓಡಿಸಿದೆ. ಅವರು ಹೋಗುವಷ್ಟರಲ್ಲಿ ಸಂಪಗಾಂವದ ಬಸ್ ಬಿಟ್ಟಾಗಿತ್ತು. ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತರು. "ನಾ ಹೇಳಿದ್ದಿಲ್ಲೇನು?" ಎಂದು ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಿ ಹಗುರಾಗುತ್ತಿದ್ದೆ.

ಸಂಜೆ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ, ಒಂದೂ ಬಿಡದೆ ತಂದಿದ್ದಳು. ಕುಂಕುಮ ಹಚ್ಚಿ ಉಡಿ ತುಂಬಿದಳು. ಆಮೇಲೆ ಚೀಲದಿಂದ ಹೊಸ ಸ್ಟೀಲಿನ ಪಾತೇಲಿ ತೆಗೆದು ನನ್ನ ಮುಂದೆ ಇಟ್ಟಳು.

"ಹೊಸ ಮನಿಗೆ. ಹೆಸರ ಹಾಕ್ಸಿಲ್ಲ. ಮಾರೂಮುಂದ ನಿನಗ ತ್ರಾಸ ಆಗೂದು ಬ್ಯಾಡ" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.

"ತಪ್ಪಾತವ್ವಾ, ಗೊತ್ತಿಲ್ದ ಆತು. ಬೈದ್ ಬಿಡು ಒಮ್ಮೆ" ಎಂದು ಅವಳ ಕೈ ಹಿಡಿದೆ.

"ಬೈಯಾಕ ಏನಾತು? ನಿನ್ನ ಪಾತ್ರಿ, ನೀ ಮಾರಿದಿ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡಳು. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಬೈದವಳು ಅವತ್ತು ನನ್ನನ್ನು ಬೈಯಲೇ ಇಲ್ಲ.