ಎಲ್ಲ ಅಡುಗೆಗೂ ಒಂದೇ ಹೆಸರು

ಮಣ್ಣಗುಡ್ಡದ ನಮ್ಮ ಭಾವನ ಹೋಟೆಲಿನಲ್ಲಿ ಅಡುಗೆ ಪುಸ್ತಕವೆಂದರೆ ಭಾವನ ಗಂಟಲೇ. ಗಲ್ಲಾದಲ್ಲಿ ಕೂತಲ್ಲಿಂದಲೇ ಪರಿಮಳ ಹಿಡಿದು, “ಏಯ್, ಕೊತ್ತಂಬರಿ ಕರಟ್ತಾ ಉಂಟು, ಇಳಿಸು ಮಾರಾಯ!” ಎಂದು ಒಳಗೆ ಕೂಗುವರು. ಆ ಗಂಟಲಲ್ಲೇ ಗಂಟು ಬಂತು. ಉರ್ವದಲ್ಲಿ ಎರಡನೆಯ ಹೋಟೆಲಿಗೆ ಮುಹೂರ್ತ ಇಟ್ಟಾಗಿತ್ತು. ಆಪರೇಷನ್ನಿನ ದಿನವೂ ಅದರ ಹಿಂದಿನ ದಿನಕ್ಕೇ ಬಂದು ಕೂತಿತು. ಆಮೇಲೆ ಕೆಲವು ವಾರ ಮಾತೇ ಆಡಬಾರದು ಎಂದರು ಡಾಕ್ಟರು.

ಹೊಸ ಅಡುಗೆಯವನಿಗೆ ಕೂಗಿ ಹೇಳುವವರು ಯಾರು? ಭಾವ ಒಂದೊಂದು ಅಡುಗೆಯ ವಿಧಾನವನ್ನೂ ಬೇರೆ ಬೇರೆ ಕಡತದಲ್ಲಿ ಟೈಪು ಮಾಡಿ ನನಗೆ ಕೊಟ್ಟರು. ನಾನು ಕಂಪನಿಯೊಂದರಲ್ಲಿ ಯಂತ್ರಗಳ ಕೈಪಿಡಿ ಬರೆಯುವವಳು.

“ನೀನು ಮೆಷಿನಿಗೆ ಮಾಡುವುದನ್ನು ನನ್ನ ಕೋಳಿ ಸುಕ್ಕಕ್ಕೆ ಮಾಡ್ಲಿಕ್ಕೆ ಆಗ್ತದಾ? ಅವನು ಮೊಬೈಲು ಒತ್ತಿದರೆ ಕಾಣ್ಬೇಕು.”

“ಅದೆಂತ ದೊಡ್ಡ ಸಂಗತಿ ಭಾವ” ಎಂದೆ.

ಬರಹಗಳನ್ನೆಲ್ಲ ವೆಬ್ ಪುಟಗಳಾಗಿ ಮಾಡುವ ತಂತ್ರಾಂಶ ನನ್ನಲ್ಲಿತ್ತು. ಹೊರಬರುವ ಕಡತಗಳಿಗೆ ಹೆಸರು ಹೇಗಿರಬೇಕೆಂದು ತಿಳಿಸಲು ಅದರಲ್ಲೊಂದು ಖಾನೆ ಇದೆ. ಏನೂ ತಿಳಿಸದಿದ್ದರೆ ಬರಹದ ಮೊದಲ ಸಾಲನ್ನೇ ಅದು ಹೆಸರಾಗಿ ಇಡುತ್ತದೆ. ಯಂತ್ರದ ಕೈಪಿಡಿಗೆ ಅದು ಯಾವತ್ತೂ ಸರಿಹೋಗಿತ್ತು, ಈ ಸಲವೂ ಖಾನೆ ಖಾಲಿ ಬಿಟ್ಟೆ. ಭಾವ ತಮ್ಮ ಕಡತಗಳಿಗೆ ಇಟ್ಟ ಹೆಸರುಗಳಿಂದ ಅಡುಗೆಗಳ ಪಟ್ಟಿ ಚಂದವಾಗಿ ಬಂತು. ಕೊನೆಯದಾದ ಬಂಗುಡೆ ಮೀನಿನ ಪುಳಿಮುಂಚಿಯನ್ನು ಮಾತ್ರ ತೆರೆದು ನೋಡಿದೆ, ಬಾಯಲ್ಲಿ ನೀರೂರುವ ಹಾಗಿತ್ತು. ಕಳಿಸಿಬಿಟ್ಟೆ.

ಮುಹೂರ್ತದ ದಿನ ಅಕ್ಕ ಉರ್ವದಲ್ಲಿ, ನಾನು ಆಸ್ಪತ್ರೆಯಲ್ಲಿ ಭಾವನ ಹತ್ತಿರ. ಊಟದ ಹೊತ್ತಿಗೆ ಮೊದಲೇ ಅಡುಗೆಯವನ ಫೋನು ಬಂತು. ಭಾವನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ಅಕ್ಕಾ, ಇದೆಂತ ಅವಸ್ಥೆ? ಕೋರಿ ಸುಕ್ಕ ಒತ್ತಿದ್ರೂ ಬಂಗುಡೆ, ಗಸಿ ಒತ್ತಿದ್ರೂ ಬಂಗುಡೆ. ಪಾಯಸ ಒತ್ತಿದೆ, ಅಲ್ಲಿಯೂ ಬಂಗುಡೆಯೇ!”

“ಪುಟದ ಮೇಲೆ ಹೆಸರು ಎಂತ ಉಂಟು ನೋಡು.”

“ಶ್ರೀ ಅಂತ ಉಂಟು.”

ತಪ್ಪು ಎಲ್ಲಿ ಎಂದು ಆಗ ಹೊಳೆಯಿತು. ಹಾಳೆಯ ತಲೆಗೆ ಶ್ರೀ ಹಾಕದೆ ಭಾವ ಅಂಗಡಿಯ ಚೀಟಿಯನ್ನೂ ಬರೆದವರಲ್ಲ. ಅವರ ಅಪ್ಪ ಕಲಿಸಿದ್ದು ಹಾಗೆ. ಅಷ್ಟೂ ಬರಹಗಳ ಮೊದಲ ಸಾಲು ಅದೇ. ಒಂದೇ ಹೆಸರಿನ ಕಡತಗಳು ಒಂದರ ಮೇಲೊಂದು ಬಿದ್ದು, ಹಿಂದಿನದನ್ನು ಮುಂದಿನದು ಅಳಿಸಿ, ಕೊನೆಗೆ ಉಳಿದದ್ದು ಬಂಗುಡೆ ಮಾತ್ರ. ಆ ಖಾನೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಮುಗಿಯಿತು. ಆದರೆ ಭಾವ ಬರೆದದ್ದೆಲ್ಲ ಇದ್ದ ನನ್ನ ಲ್ಯಾಪ್‌ಟಾಪು ಬೋಳಾರದ ಮನೆಯಲ್ಲಿತ್ತು, ಮನೆಯ ಬೀಗದ ಕೈ ನನ್ನ ಚೀಲದಲ್ಲಿತ್ತು. ಭಾವನನ್ನು ಒಬ್ಬರನ್ನೇ ಬಿಟ್ಟು ಏಳುವ ಹಾಗಿರಲಿಲ್ಲ.

“ಅಕ್ಕಾ, ಜನ ಕೂತಾಯ್ತು. ಸುಕ್ಕಕ್ಕೆ ತೆಂಗಿನಕಾಯಿ ಹುರಿದು ಹಾಕುದಾ, ಹಸಿಯಾ? ಇಲ್ಲಿ ಯಾರಿಗೂ ಗೊತ್ತಿಲ್ಲ, ಧಣಿಗಳತ್ರ ಒಂದು ಮಾತು ಕೇಳಿ.”

ಭಾವ ಬಾಯಿ ತೆರೆದರು. ಸ್ವರ ಹೊರಡಲಿಲ್ಲ. ಕೈ ಆಡಿಸಿ ಏನೋ ತೋರಿಸಿದರು. ಹುರಿಯುವುದೋ, ಬೇಡವೆನ್ನುವುದೋ, ನನಗೆ ತಿಳಿಯಲಿಲ್ಲ. ತಪ್ಪು ಹೇಳಿಬಿಟ್ಟೆನೆಂದರೆ ಮೊದಲ ದಿನದ ಸುಕ್ಕವೇ ಕೆಡುತ್ತದೆ. ಔಷಧಿ ಚೀಟಿಯ ಬೆನ್ನನ್ನೂ ಪೆನ್ನನ್ನೂ ಮುಂದೆ ಹಿಡಿದೆ.

“ಭಾವ, ಹುರಿದು ಅಂತಲೋ ಹಸಿ ಅಂತಲೋ, ಅಷ್ಟೇ ಬರೀರಿ.”

ಔಷಧಿಯ ಮಂಪರಿನಲ್ಲಿ ಅವರ ಕಣ್ಣು ಎಳೆಯುತ್ತಿತ್ತು. ಆದರೂ ಹಾಳೆಯನ್ನು ನೆಟ್ಟಗೆ ಮಾಡಿಕೊಂಡು, ಮೇಲ್ಗಡೆ ನಡುವೆ ಸರಿಯಾಗಿ ಜಾಗ ನೋಡಿ, ದುಂಡಗೆ ‘ಶ್ರೀ’ ಎಂದು ಬರೆದರು. ಅದರ ಕೆಳಗೆ ‘ಮಂಗಳಾದೇವಿ ಪ್ರಸ’ ಎಂಬಲ್ಲಿಗೆ ಬಂದಾಗ ಪೆನ್ನು ನಿಧಾನವಾಯಿತು; ತೆಂಗಿನಕಾಯಿ ಇನ್ನೂ ದೂರವಿತ್ತು.

“ಅಕ್ಕಾ, ಧಣಿಗಳು ಎಂತ ಹೇಳಿದ್ರು?”

“ಬರೀತಾ ಇದ್ದಾರೆ” ಎಂದೆ.