ಐದನೇ ಪುಟದಿಂದ ಬಿದ್ದ ಎರಡು ಪ್ಯಾರಾ

ಕಳೆದ ಜುಲೈ ಎರಡನೇ ಗುರುವಾರ ನಮ್ಮ ಪತ್ರಿಕೆಯ ಐದನೇ ಪುಟದಲ್ಲಿ ನನ್ನ ಬರಹವೊಂದು ಅಚ್ಚಾಯಿತು. ಶೀರ್ಷಿಕೆ: ‘ಪ್ಲಾಸ್ಟಿಕ್ ಡಬ್ಬಿ: ಹೆಣ್ಣುಮಕ್ಕಳಿಗೆ ಗಂಡುಬುದ್ಧಿ’. ಶೀರ್ಷಿಕೆ ನನ್ನದಲ್ಲ. ಬರಹದ ಕೊನೆಯ ಎರಡು ಪ್ಯಾರಾ ಅಲ್ಲಿರಲಿಲ್ಲ.

ನಾನು ಬರೆದದ್ದು ಇಷ್ಟು. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಕೆಲವು ಭಾಗಗಳು ಗಂಡಿನಲ್ಲಿ ಒಂದು ಬಗೆ, ಹೆಣ್ಣಿನಲ್ಲಿ ಇನ್ನೊಂದು ಬಗೆ ರೂಪುಗೊಳ್ಳುವುದರಲ್ಲಿ ಹಾರ್ಮೋನುಗಳ ಪಾತ್ರವಿದೆ. ಪ್ಲಾಸ್ಟಿಕ್ಕಿಗೆ ಬೆರೆಸುವ ಕೆಲವು ರಾಸಾಯನಿಕಗಳು ಊಟಕ್ಕೆ ಇಳಿಯುತ್ತವೆ, ಊಟ ಬಿಸಿಯಿದ್ದರೆ ಇನ್ನೂ ಹೆಚ್ಚು. ದೇಹದೊಳಗೆ ಅವು ಹಾರ್ಮೋನಿನ ವೇಷ ಹಾಕುತ್ತವೆ, ಇಲ್ಲವೇ ಅದರ ಕೆಲಸಕ್ಕೆ ಅಡ್ಡಬರುತ್ತವೆ. ಪ್ರಯೋಗಾಲಯದ ಇಲಿಗಳಲ್ಲಿ ಗಂಡು ಹೆಣ್ಣಿನ ಮೆದುಳಿನ ಕೆಲವು ವ್ಯತ್ಯಾಸಗಳು ಇದರಿಂದ ಮಸುಕಾದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಬಿದ್ದುಹೋದ ಪ್ಯಾರಾಗಳಲ್ಲಿ ಹುಬ್ಬಳ್ಳಿಯ ವಿದ್ಯಾನಗರದ ಹಾರ್ಮೋನು ತಜ್ಞೆಯೊಬ್ಬರ ಮಾತಿತ್ತು. ‘ಮನುಷ್ಯರ ಮಕ್ಕಳ ವಿಷಯ ಇನ್ನೂ ಇತ್ಯರ್ಥ ಆಗಿಲ್ರಿ. ಇಲಿಯೊಳಗ ಕಂಡದ್ದನ್ನ ಹಿಡಕೊಂಡು, ಈ ಕೂಸು ಹಿಂಗಾಗಿದ್ದು ಡಬ್ಬಿಯಿಂದನಽ ಅಂತ ಅನ್ನಾಕ ಬರಂಗಿಲ್ಲ. ಡಬ್ಬಿಯೊಳಗ ಏನ್ ಹಾಕೀರಿ ಅಂತ ಮಾಡಿದವರನ್ನ ಕೇಳ್ರಿ. ತಾಯಂದಿರನ್ನ ಕೇಳಬ್ಯಾಡ್ರಿ.’

ಆ ದಿನ ಸಂಜೆ ತಡವಾಗಿ ಸೀರೆ ಅಂಗಡಿಯ ಜಾಹೀರಾತು ಬಂದಿತ್ತು. ಜಾಗ ಸಾಲದಿದ್ದರೆ ಪುಟ ಕಟ್ಟುವ ಡೆಸ್ಕಿನವರು ಬರಹವನ್ನು ಬುಡದಿಂದ ಕತ್ತರಿಸುತ್ತಾರೆ, ಓದುತ್ತ ಕೂಡುವುದಿಲ್ಲ. ಇಪ್ಪತ್ತೆರಡು ವರ್ಷ ನಾನೂ ಹಾಗೆಯೇ ಕತ್ತರಿಸಿದ್ದೇನೆ. ಅದು ಗೊತ್ತಿದ್ದೂ ಎಚ್ಚರಿಕೆಯ ಮಾತನ್ನು ಬುಡದಲ್ಲಿಟ್ಟೆ.

ಭಾನುವಾರ ಧಾರವಾಡಕ್ಕೆ, ತಂಗಿಯ ಮನೆಗೆ ಹೋದೆ. ಅವಳದು ಹುಬ್ಬಳ್ಳಿಯ ಬ್ಯಾಂಕಿನಲ್ಲಿ ನೌಕರಿ. ಬಸುರಿಯಿದ್ದಾಗಲೂ ದಿನಾ ಬಸ್ಸಿನಲ್ಲಿ ಓಡಾಡಿದವಳು. ಐದು ವರ್ಷದ ಮಗಳಿಗೆ ಗೋಲಿಯಾಟದ ಹುಚ್ಚು, ಪೇರಲ ಗಿಡ ಹತ್ತುವ ಹುಚ್ಚು. ತಂಗಿಯ ಅತ್ತೆ ನಿವೃತ್ತ ಶಿಕ್ಷಕಿ. ಅವರು ನನ್ನ ಬರಹವನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

‘ನೋಡ್ರಿ ಬೀಗರ, ನಾ ಸುಮ್ನ ಗಂಡುಬೀರಿ ಅಂತಿದ್ದೆ. ಈಗ ಕಾರಣಾನೂ ಸಿಕ್ತು. ಒಂಬತ್ತು ತಿಂಗಳು ಪ್ಲಾಸ್ಟಿಕ್ ಡಬ್ಬ್ಯಾಗ ಉಂಡ್ರ ಮತ್ತೇನ್ ಆಗ್ತದ? ನೌಕರಿ ಬಿಡು ಅಂದ್ರ ಬಿಡಲಿಲ್ಲ.’

‘ಅದು ಹಂಗಲ್ರಿ. ನಾ ಕೊನಿಗೆ ಬರದದ್ದನ್ನ ಅವರು ಹಾಕಿಲ್ಲ.’

‘ಹಾಕದ್ದನ್ನ ನಾ ಹ್ಯಾಂಗ್ ಓದ್ಲಿ?’

ಅವರು ಗೋಲಿಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಮೊಮ್ಮಗಳಿಗೆ ಹಾರ್ಮೋನು ಪರೀಕ್ಷೆ ಮಾಡಿಸಲೇಬೇಕೆಂದು ಮಗನಿಗೆ ಹೇಳಿದ್ದರು. ಹುಡುಗಿ ನನ್ನ ಅಂಗಿ ಜಗ್ಗಿದಳು. ‘ಮಾಮಾ, ಅಜ್ಜಿಗೆ ನೀನಽ ಹೇಳು. ನನ್ನ ಗೋಲಿ ಪ್ಲಾಸ್ಟಿಕ್ ಅಲ್ಲ, ಗಾಜಿನವು.’

ಅಡುಗೆಮನೆಯಲ್ಲಿ ತಂಗಿ ದನಿ ತಗ್ಗಿಸಿದಳು. ‘ಅಣ್ಣಾ, ದಿನಾ ಡಬ್ಬಿ ಕಟ್ಟತಿದ್ದವರು ಅವರಽ. ಬಿಸಿ ಉಣ್ಲಿ ಅಂತ ಒಲಿ ಮ್ಯಾಲಿಂದ ಸೀದಾ ಸುರೀತಿದ್ರು. ಅದನ್ನ ಈಗ ನೀ ಅನಬ್ಯಾಡ, ಆ ಜೀವ ತಡಕೊಳ್ಳೂದಿಲ್ಲ. ಬೈಸಿಕೊಳ್ಳೂದು ನನಗ ರೂಢಿ ಅದ. ಕೂಸಿಗೆ ಸೂಜಿ ಚುಚ್ಚಸೂದು ಬ್ಯಾಡ. ಪೇಪರ್‌ನ್ಯಾಗ ಸರಿ ಮಾಡು, ಅಷ್ಟಽ.’

ಹಲಗೆಯ ಮೇಲೆ ಇನ್ನೂ ಇದ್ದ ಆ ಹಳೆಯ ಡಬ್ಬಿಯನ್ನು ತಿರುವಿ ನೋಡಿದೆ. ತಳದಲ್ಲಿ ತ್ರಿಕೋನದೊಳಗೆ ಪ್ಲಾಸ್ಟಿಕ್ಕಿನ ಬಗೆ ಹೇಳುವ ಒಂದು ಅಂಕಿ, ಪಕ್ಕದಲ್ಲಿ ಕಂಪನಿಯ ಗುರುತು. ಬಿಸಿ ಹಾಕಬೇಡಿ ಎಂದಿಲ್ಲ. ಒಳಗೇನು ಬೆರೆಸಿದೆ ಎಂದಿಲ್ಲ. ಮಾಡಿದವನನ್ನು ಯಾರೂ ಕೇಳಿಲ್ಲ, ಮಾರಲು ಬಿಟ್ಟವರನ್ನೂ ಕೇಳಿಲ್ಲ. ವಿಚಾರಣೆ ನಡೆದಿದ್ದು ಉಂಡವಳದು ಮತ್ತು ಗೋಲಿ ಆಡಿದವಳದು. ಗೋಲಿಯಾಟ ರೋಗವೆಂದು ಯಾವ ವೈದ್ಯರೂ ನನಗೆ ಹೇಳಿರಲಿಲ್ಲ. ಹಾಗೆಂದು ಊರಿಗೆಲ್ಲ ಸಾರಿದ್ದು ನಮ್ಮ ಪತ್ರಿಕೆ.

ಸೋಮವಾರ ಡೆಸ್ಕಿನ ಮುಖ್ಯಸ್ಥರ ಮುಂದೆ ನಿಂತೆ. ಬಿದ್ದ ಎರಡೂ ಪ್ಯಾರಾ ಅದೇ ಪುಟದಲ್ಲಿ ಬರಬೇಕು ಎಂದೆ.

‘ಹೆಡ್ಡಿಂಗ್ ಛಲೋ ಓಡೇತಲ್ರಿ ಸರ. ನೀವು ಬರದದ್ದನ್ನೇನ್ ತಪ್ಪು ಹಾಕಿಲ್ಲ, ಕಡಿಮಿ ಹಾಕೇವಿ,’ ಎಂದು ಅವರು ನಕ್ಕರು.

‘ಆ ಕಡಿಮಿಗೆ ಒಂದು ಕೂಸಿನ ರಕ್ತ ತಗೀತಾರ್ರಿ,’ ಎಂದೆ. ಅವರ ನಗು ನಿಂತಿತು. ನೋಡೋಣ ಎಂದರು.

ಹದಿನಾರು ದಿನಗಳ ನಂತರ ಒಂಬತ್ತನೇ ಪುಟದ ಮೂಲೆಯಲ್ಲಿ ಮೂರು ಸಾಲಿನ ಸ್ಪಷ್ಟೀಕರಣ ಬಂತು. ತಜ್ಞೆಯ ಮಾತು ಅದರಲ್ಲಿರಲಿಲ್ಲ. ತಂಗಿ ಅದನ್ನು ಅತ್ತೆಗೆ ಓದಿ ಹೇಳಿದಳು. ಆದರೂ ಕಳೆದ ಶನಿವಾರ ಪರೀಕ್ಷೆಗೆಂದು ಹುಡುಗಿಯ ರಕ್ತ ತೆಗೆದರು. ವರದಿ ಇನ್ನೂ ಬಂದಿಲ್ಲ.