ನನ್ನ ಪಟ್ಟಿಯ ಶೃಂಗಾರ

ನಮ್ಮ ಚಿಗವ್ವನ ತಲೆಗೆ ಅಕ್ಷರ ಹತ್ತುವುದಿಲ್ಲ ಎಂದು ಮೊಟ್ಟಮೊದಲು ಹೇಳಿದವನು ನಾನೇ. ಬೇರೆ ಯಾರ ಮೇಲಾದರೂ ಹಾಕೋಣವೆಂದರೆ ಸಾಕ್ಷಿಗಳಿದ್ದಾರೆ. ಬ್ಯಾಡಗಿಯಲ್ಲಿ ಅವಳ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗಾಗಿ ಸಂಜೆ ತರಗತಿ ಶುರುವಾದಾಗ, ಅವರೆಲ್ಲ ಕೇಳುವಂತೆಯೇ ಹೇಳಿದ್ದೆ. ಚಿಗವ್ವ ಕೈ ನಿಲ್ಲಿಸದೆಯೇ ಅಂದಳು: “ಈ ಕೈಯಾಗ ಮೆಣಸಿನಕಾಯಿ ಕುಂದರತಾವ, ಪೆನ್ನು ಕುಂದರೂದಿಲ್ಲೇನಪಾ?”

ನಾನು ನಮ್ಮ ಮನೆತನದ ಮೊದಲ ಪದವೀಧರ. ಇದನ್ನು ಕೇಳದವರಿಗೂ ಹೇಳುತ್ತೇನೆ. ಆ ಪದವಿಗಾಗಿ ಚಿಗವ್ವನ ಬೆರಳು ಎಷ್ಟು ವರ್ಷ ಉರಿದವು ಎಂಬುದನ್ನು ಮಾತ್ರ ಕೇಳಿದವರಿಗಷ್ಟೇ ಹೇಳುತ್ತೇನೆ.

ಈಗ ರಾಣೆಬೆನ್ನೂರಿನಲ್ಲಿ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆಯ ದಾಖಲೆ ಬರೆಯುತ್ತೇನೆ. ಮಾಡಬೇಕಾದ ಕೆಲಸಗಳನ್ನು ಲ್ಯಾಪ್‌ಟಾಪಿನ ಟಿಪ್ಪಣಿ ಆ್ಯಪಿನಲ್ಲಿ ಪಟ್ಟಿ ಮಾಡಿ, ಮುಗಿದದ್ದಕ್ಕೆ ಟಿಕ್ ಹಾಕುತ್ತೇನೆ. ಇಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸಿಎಸ್‌ಎಸ್ ಎಂಬುದೊಂದಿದೆ. ಯಾವ ಸಾಲಿಗೆ ಯಾವ ಬಣ್ಣ, ಎಷ್ಟು ಅಂತರ ಎಂದು ಪರದೆಗೆ ಅಪ್ಪಣೆ ಕೊಡುವ ನಾಲ್ಕಾರು ಸಾಲು. ಕಲಿತೆ, ಕೆಟ್ಟೆ. ಟಿಕ್ ಹಾಕುವ ಚೌಕಗಳ ಮೂಲೆ ದುಂಡಗಾದವು. ತುರ್ತು ಕೆಲಸಕ್ಕೆ ಬ್ಯಾಡಗಿ ಡಬ್ಬಿ ಎಂಬ ತಳಿಯ ಮೆಣಸಿನಕಾಯಿಯ ಕೆಂಪೇ ಬೇಕೆಂದು ಒಂದು ರವಿವಾರವಿಡೀ ಹುಡುಕಿದೆ. ಆ ಕೆಂಪಿನಲ್ಲಿ ಬರೆದದ್ದು: ‘ಹಲ್ಲುಜ್ಜುವ ಬ್ರಷ್ ತರುವುದು.’

ಚಿಗವ್ವ ಸಂಜೆ ತರಗತಿಯ ಪರೀಕ್ಷೆ ಪಾಸಾದಳು. ನಾನೇ ಬರೆದವನಂತೆ ‘ಚಿಗವ್ವನ ಪರೀಕ್ಷೆ’ ಎಂಬ ಸಾಲಿಗೆ ಟಿಕ್ ಹಾಕಿದೆ. ಅವಳು ಕೇಳಿದ್ದು ಒಂದೇ: “ಹಾವೇರ್ಯಾಗ ಸರ್ಟಿಫಿಕೇಟ್ ಕೊಡ್ತಾರಂತ. ಎಲ್ಲಾರ ಜೋಡಿ ಮನಿಯವ್ರು ಬರ್ತಾರ. ನೀ ಬಾಜೂಕ ಕುಂದ್ರು, ಸಾಕು.” ಆ ಸಾಲಿನ ಕೆಳಗೇ, ಅದರ ಒಳಗಿನ ಸಣ್ಣ ಕೆಲಸವಾಗಿ ಬರೆದುಕೊಂಡೆ: ‘ಶನಿವಾರ, ಹಾವೇರಿ.’

ಅದೇ ವಾರ ನನಗೊಂದು ಬುದ್ಧಿ ಹೊಳೆಯಿತು. ಟಿಕ್ ಬಿದ್ದ ಸಾಲು ಕಣ್ಣಿಗೇ ಬೀಳಬಾರದು ಎಂದು ಸಿಎಸ್‌ಎಸ್‌ನಲ್ಲಿ ನಿಯಮ ಬರೆದೆ. ಪಟ್ಟಿ ತೊಳೆದಿಟ್ಟ ತಟ್ಟೆಯಂತಾಯಿತು. ಮೇಲಿನ ಕೆಲಸವನ್ನು ಅಡಗಿಸಿದರೆ ಅದರ ಹೊಟ್ಟೆಯಲ್ಲಿರುವ ಸಣ್ಣ ಕೆಲಸವೂ ಅಡಗುತ್ತದೆ, ಅದು ಮುಗಿದಿರಲಿ ಬಿಡಲಿ. ಇಷ್ಟು ನನಗೆ ಹೊಳೆಯಲಿಲ್ಲ.

ಶನಿವಾರ ರಜೆ. ಪಟ್ಟಿಯನ್ನು ಎರಡು ಅಂಕಣ ಮಾಡಿ ಕೂರಿಸುವುದರಲ್ಲಿ ಮುಳುಗಿದ್ದೆ. ಚಿಗವ್ವನ ಫೋನ್ ಬಂತು. ಕೈಯಲ್ಲಿ ಕೆಲಸವಿತ್ತಲ್ಲ, ಕಟ್ ಮಾಡಿದೆ. ಮರೆಯಬಾರದೆಂದು ಪಟ್ಟಿಯಲ್ಲಿ ಸೇರಿಸಿದೆ: ‘ಚಿಗವ್ವಗೆ ಫೋನ್.’ ಚೌಕ ಬಹಳ ಚೆನ್ನಾಗಿ ಕಂಡಿತು.

ಸಂಜೆ ಎರಡನೇ ಅಂಕಣ ಯಾಕೋ ವಾರೆಯಾಯಿತೆಂದು ಸಿಎಸ್‌ಎಸ್ಸನ್ನೇ ಬಂದ್ ಮಾಡಿ ನೋಡಿದೆ. ಅಡಗಿದ್ದ ಸಾಲುಗಳೆಲ್ಲ ಎದ್ದು ಬಂದವು. ‘ಶನಿವಾರ, ಹಾವೇರಿ.’ ಅದರ ಮುಂದಿನ ಚೌಕ ಖಾಲಿ. ಫೋನ್ ಮಾಡುವ ಮುಖ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬ್ಯಾಡಗಿ ಬಸ್ ಹತ್ತಿದೆ. ಮನೆಯ ಕಟ್ಟೆಯ ಮೇಲೆ ಚಿಗವ್ವನ ಜೊತೆ ಕೂತಿದ್ದ ಗೆಳತಿ ಹಸೀನಾಬಿಯೇ ಮೊದಲು ಕಂಡಳು.

“ಬರ್ರಿ ಸಾಹೇಬ್ರ! ನಿನ್ನಿ ಬಸ್ಸು ಇವತ್ತ ಮುಟ್ಟಿತೇನ್ರಿ?”

“ಚಿಗವ್ವ, ಆ್ಯಪಿನಾಗ ಅಡಗಿಬಿಟ್ಟಿತ್ತು,” ಎಂದೆ.

“ಅಡಗಿಸಿದವರು ಯಾರು?” ಚಿಗವ್ವ ಕೇಳಿದಳು.

“ನಾನ.”

ಹಾವೇರಿ ಬಸ್ಸಿನ ಬೋರ್ಡನ್ನು ಚಿಗವ್ವ ತಾನೇ ಓದಿ ಹತ್ತಿದ್ದನ್ನು ಹಸೀನಾಬಿ ಹೇಳಿದಳು. ನಾನು ಚಪ್ಪಲಿ ನೋಡುತ್ತ ಕೇಳಿದೆ. ಚಿಗವ್ವ ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಚಿಗವ್ವ ಒಳಗೆ ಹೋಗಿ, ಕೈ ಎರಡು ಸಲ ತೊಳೆದು, ಸೆರಗಿಗೆ ಒರೆಸಿಕೊಂಡು, ಸರ್ಟಿಫಿಕೇಟ್ ತಂದು ನನ್ನ ಕೈಗಿಟ್ಟಳು.

“ಬಾಜೂ ಕುರ್ಚಿ ಮ್ಯಾಲ ಕಡೀತನಕ ನನ್ನ ಚೀಲ ಇಟ್ಟಿದ್ನೆಪಾ. ಮೂರು ಮಂದಿ ಬಂದು ಕೇಳಿದ್ರು. ‘ನಮ್ಮ ಹುಡುಗ ಬರಾಕತ್ತಾನ, ಹಾದ್ಯಾಗ ಅದಾನ’ ಅಂದೆ. ಸಾಲಿ ಕಲತಾಕಿ ಆದ ಮ್ಯಾಲ ಹೇಳಿದ ಮೊದಲನೇ ಸುಳ್ಳು ಅದು.”